ಸಂಘರ್ಷ ನಿರ್ವಹಣೆಯ ಆನ್‌ಲೈನ್ ತರಬೇತಿ ವಿನ್ಯಾಸ

ಸಂಘರ್ಷ ನಿರ್ವಹಣೆಯ ಆನ್‌ಲೈನ್ ತರಬೇತಿ ವಿನ್ಯಾಸ ಎಂದರೆ ಕೆಲಸದ ಸ್ಥಳದಲ್ಲಿ ಸಹೋದ್ಯೋಗಿಗಳ ನಡುವೆ, ಮೇಲಧಿಕಾರಿ ಮತ್ತು ಸಿಬ್ಬಂದಿಯ ನಡುವೆ ಹಾಗೂ ವಿಭಾಗ ವಿಭಾಗಗಳ ನಡುವೆ ಹುಟ್ಟುವ ಭಿನ್ನಾಭಿಪ್ರಾಯ ಮತ್ತು ಮನಸ್ತಾಪಗಳನ್ನು ಗುರುತಿಸಿ, ಮಾತುಕತೆಯ ಮೂಲಕ ಬಗೆಹರಿಸುವ ಕೌಶಲವನ್ನು ಅಂತರ್ಜಾಲದ ಮೂಲಕ ಕಲಿಸುವ ಪಾಠಕ್ರಮವನ್ನು ಯೋಜಿಸಿ ರೂಪಿಸುವ ಕಾರ್ಯ. ಇದು ಶಿಕ್ಷಣಶಾಸ್ತ್ರದ ಬೋಧನಾ ವಿನ್ಯಾಸ, ಮನಶ್ಶಾಸ್ತ್ರದ ಕಲಿಕಾ ಸಿದ್ಧಾಂತ ಮತ್ತು ನಿರ್ವಹಣಾಶಾಸ್ತ್ರದ ಸಂಘರ್ಷ ಅಧ್ಯಯನ ಎಂಬ ಮೂರು ಕ್ಷೇತ್ರಗಳು ಕೂಡುವ ಜಾಗದಲ್ಲಿದೆ.

ಗಣಕಯಂತ್ರ ಬಳಸುವುದನ್ನು ಅಥವಾ ಲೆಕ್ಕಪತ್ರ ಬರೆಯುವುದನ್ನು ಕಲಿಸುವುದಕ್ಕೂ ಜಗಳವನ್ನು ನಿಭಾಯಿಸುವುದನ್ನು ಕಲಿಸುವುದಕ್ಕೂ ಮೂಲಭೂತ ವ್ಯತ್ಯಾಸವಿದೆ. ಮೊದಲನೆಯವುಗಳಲ್ಲಿ ನಿಯಮ ತಿಳಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಎರಡನೆಯದರಲ್ಲಿ ನಿಯಮ ತಿಳಿದವನೂ ಕೋಪ ಬಂದ ಗಳಿಗೆಯಲ್ಲಿ ಅದನ್ನು ಮರೆಯಬಹುದು. ಆದ್ದರಿಂದ ಈ ವಿಷಯದ ತರಬೇತಿಯು ಮಾಹಿತಿಯನ್ನು ಒದಗಿಸಿದರೆ ಸಾಲದು, ಅಭ್ಯಾಸಕ್ಕೂ ಅವಕಾಶ ಕೊಡಬೇಕು. ಯಾವ ಬಗೆಯ ಅಭ್ಯಾಸ, ಎಷ್ಟು, ಯಾವ ಕ್ರಮದಲ್ಲಿ ಎಂಬ ಪ್ರಶ್ನೆಗಳಿಗೆ ಕಲಿಕಾ ಸಿದ್ಧಾಂತಗಳು ಉತ್ತರ ಹುಡುಕಲು ನೆರವಾಗುತ್ತವೆ.

## ಸಂಘರ್ಷದ ಪರಿಕಲ್ಪನೆ

### ಸಂಘರ್ಷದ ಬಗೆಗಳು

ಕೆಲಸದ ಸ್ಥಳದ ಸಂಘರ್ಷವನ್ನು ಸಂಶೋಧಕರು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಏನು ಮಾಡಬೇಕು ಎಂಬುದರ ಬಗ್ಗೆ ಹುಟ್ಟುವುದು ಕಾರ್ಯ ಸಂಘರ್ಷ. ಯಾರು, ಹೇಗೆ, ಯಾವಾಗ ಮಾಡಬೇಕು ಎಂಬುದರ ಬಗ್ಗೆ ಹುಟ್ಟುವುದು ಪ್ರಕ್ರಿಯಾ ಸಂಘರ್ಷ. ವ್ಯಕ್ತಿಗಳ ನಡುವಿನ ಅಸಮಾಧಾನ, ಅಪನಂಬಿಕೆಗಳಿಂದ ಹುಟ್ಟುವುದು ಸಂಬಂಧ ಸಂಘರ್ಷ. ಈ ವಿಂಗಡಣೆಯು ಕರೆನ್ ಜೆನ್ ಅವರು 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಪ್ರಚಾರಕ್ಕೆ ಬಂದಿತು. ವ್ಯವಹಾರದಲ್ಲಿ ಇವು ಮೂರೂ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುವುದು ಅಪರೂಪ. ಕೆಲಸ ಹಂಚಿಕೆಯ ಬಗ್ಗೆ ಆರಂಭವಾದ ಚರ್ಚೆ, ಸಕಾಲದಲ್ಲಿ ತೀರ್ಮಾನವಾಗದಿದ್ದರೆ, 'ಅವರ ಸ್ವಭಾವವೇ ಹಾಗೆ' ಎಂಬ ಮಾತಿಗೆ ತಿರುಗುತ್ತದೆ. ಹೀಗೆ ತಿರುಗುವ ಮೊದಲೇ ಗುರುತಿಸುವುದನ್ನು ಕಲಿಸುವುದು ತರಬೇತಿಯ ಮೊದಲ ಗುರಿಗಳಲ್ಲಿ ಒಂದು.

### ಫೋಲೆಟ್ ಅವರ ವಿಚಾರ

ಸಂಘರ್ಷವು ಕೆಡುಕಲ್ಲ, ಅದು ಭೇದದ ಪ್ರಕಟಣೆ ಮಾತ್ರ ಎಂಬ ನೋಟವನ್ನು ನಿರ್ವಹಣಾಶಾಸ್ತ್ರದಲ್ಲಿ ಮೊದಲಿಗೆ ಸ್ಪಷ್ಟವಾಗಿ ಮಂಡಿಸಿದವರಲ್ಲಿ ಅಮೆರಿಕದ ಮೇರಿ ಪಾರ್ಕರ್ ಫೋಲೆಟ್ (1868–1933) ಪ್ರಮುಖರು. 1925ರಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಸಂಘರ್ಷವನ್ನು ಎದುರಿಸುವ ಮೂರು ದಾರಿಗಳನ್ನು ಹೇಳಿದರು: ಒಬ್ಬರು ಇನ್ನೊಬ್ಬರ ಮೇಲೆ ಗೆಲ್ಲುವ ಮೇಲುಗೈ, ಇಬ್ಬರೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವ ರಾಜಿ, ಹಾಗೂ ಇಬ್ಬರ ಅಗತ್ಯವೂ ಈಡೇರುವ ಸಮನ್ವಯ. ಅವರು ಕೊಟ್ಟ ಉದಾಹರಣೆ ಇಂದಿಗೂ ತರಬೇತಿಗಳಲ್ಲಿ ಬಳಕೆಯಲ್ಲಿದೆ. ಹಾರ್ವರ್ಡ್‌ನ ಗ್ರಂಥಾಲಯದ ಒಂದು ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಫೋಲೆಟ್ ಅವರಿಗೆ ಮುಚ್ಚಿರಬೇಕಿತ್ತು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆಯಲಾಯಿತು. ಒಬ್ಬರಿಗೆ ಬೇಕಾಗಿದ್ದುದು ಗಾಳಿ, ಫೋಲೆಟ್ ಅವರಿಗೆ ಬೇಡವಾಗಿದ್ದುದು ನೇರವಾಗಿ ಮೈಗೆ ಬೀಸುವ ಉತ್ತರದ ಗಾಳಿ. ಕಿಟಕಿಯ ವಿಷಯದಲ್ಲಿ ಇಬ್ಬರೂ ವಿರೋಧಿಗಳಾಗಿದ್ದರು, ಅಗತ್ಯದ ವಿಷಯದಲ್ಲಿ ಆಗಿರಲಿಲ್ಲ.

1981ರಲ್ಲಿ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ ಅವರು ಸಂಧಾನದ ಕುರಿತು ಬರೆದ ಪುಸ್ತಕವು ಇದೇ ಬಗೆಯ ವಿಚಾರವನ್ನು ಕ್ರಮಬದ್ಧ ವಿಧಾನವಾಗಿ ಬೆಳೆಸಿತು. ವ್ಯಕ್ತಿಯನ್ನು ಸಮಸ್ಯೆಯಿಂದ ಬೇರ್ಪಡಿಸುವುದು, ಹಿಡಿದ ಪಟ್ಟನ್ನು ನೋಡದೆ ಅದರ ಹಿಂದಿನ ಹಿತವನ್ನು ನೋಡುವುದು ಅದರ ಮುಖ್ಯ ಸೂತ್ರಗಳಲ್ಲಿ ಸೇರಿವೆ.

### ಐದು ವರ್ತನಾ ಮಾದರಿಗಳು

ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಅವರು 1974ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು 30 ಜೋಡಿ ಹೇಳಿಕೆಗಳನ್ನು ಒಳಗೊಂಡಿದ್ದು, ವ್ಯಕ್ತಿಯು ಸಂಘರ್ಷದಲ್ಲಿ ಸಾಮಾನ್ಯವಾಗಿ ಯಾವ ದಾರಿ ಹಿಡಿಯುತ್ತಾನೆ ಎಂಬುದನ್ನು ಸೂಚಿಸುತ್ತದೆ. ತನ್ನ ಹಿತವನ್ನು ಎಷ್ಟು ಒತ್ತಿ ಹೇಳುತ್ತಾನೆ, ಇತರರ ಹಿತಕ್ಕೆ ಎಷ್ಟು ಸಹಕರಿಸುತ್ತಾನೆ ಎಂಬ ಎರಡು ಅಳತೆಗಳಿಂದ ಐದು ಮಾದರಿಗಳು ಉಂಟಾಗುತ್ತವೆ.

* ಸ್ಪರ್ಧೆ: ತನ್ನ ಮಾತೇ ನಡೆಯಬೇಕೆಂದು ಪಟ್ಟು ಹಿಡಿಯುವುದು. ಅಪಘಾತದಂತಹ ತುರ್ತು ಸಂದರ್ಭಗಳಲ್ಲಿ ಇದು ಬೇಕಾಗಬಹುದು.
* ಹೊಂದಾಣಿಕೆ: ಇನ್ನೊಬ್ಬರಿಗೆ ಬಿಟ್ಟುಕೊಡುವುದು. ವಿಷಯವು ತನಗಿಂತ ಅವರಿಗೆ ಮುಖ್ಯವಾದಾಗ ಸೂಕ್ತ.
* ದೂರವಿರುವಿಕೆ: ವಿಷಯವನ್ನೇ ಎತ್ತದಿರುವುದು. ಕೋಪ ತಣಿಯುವವರೆಗೆ ಕಾಯುವುದಕ್ಕೆ ಸರಿ, ಶಾಶ್ವತ ಪರಿಹಾರಕ್ಕೆ ಅಲ್ಲ.
* ರಾಜಿ: ಇಬ್ಬರೂ ಅರ್ಧ ದಾರಿ ಬರುವುದು. ಸಮಯ ಕಡಿಮೆಯಿದ್ದಾಗ ಉಪಯುಕ್ತ.
* ಸಹಯೋಗ: ಇಬ್ಬರ ಅಗತ್ಯವೂ ಈಡೇರುವ ಹೊಸ ದಾರಿ ಹುಡುಕುವುದು. ಹೆಚ್ಚು ಸಮಯ ಮತ್ತು ನಂಬಿಕೆಯನ್ನು ಬೇಡುತ್ತದೆ.

ಇವುಗಳಲ್ಲಿ ಯಾವುದೂ ಸ್ವತಃ ಸರಿಯಲ್ಲ ಅಥವಾ ತಪ್ಪಲ್ಲ. ಸಂದರ್ಭಕ್ಕೆ ತಕ್ಕುದನ್ನು ಆರಿಸುವ ವಿವೇಕವನ್ನು ಬೆಳೆಸುವುದೇ ತರಬೇತಿಯ ಉದ್ದೇಶ.

## ಕಲಿಕಾ ಸಿದ್ಧಾಂತಗಳ ಅನ್ವಯ

### ವರ್ತನಾವಾದ

ಕಲಿಕೆಯೆಂದರೆ ವರ್ತನೆಯಲ್ಲಿ ಆಗುವ ಬದಲಾವಣೆ, ಅದು ಪರಿಣಾಮಗಳಿಂದ ರೂಪುಗೊಳ್ಳುತ್ತದೆ ಎಂಬುದು ವರ್ತನಾವಾದದ ತಿರುಳು. ಬಿ. ಎಫ್. ಸ್ಕಿನ್ನರ್ (1904–1990) ಅವರು 1950ರ ದಶಕದಲ್ಲಿ ಬೋಧನಾ ಯಂತ್ರ ಮತ್ತು ಕ್ರಮಾನ್ವಿತ ಕಲಿಕೆಯನ್ನು ಪ್ರತಿಪಾದಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆಯುವುದು, ಪ್ರತಿ ಮೆಟ್ಟಿಲಿನಲ್ಲೂ ಕಲಿಯುವವನಿಂದ ಉತ್ತರ ಪಡೆಯುವುದು, ಉತ್ತರ ಸರಿಯೋ ತಪ್ಪೋ ಎಂಬುದನ್ನು ಕೂಡಲೇ ತಿಳಿಸುವುದು ಅದರ ಲಕ್ಷಣಗಳು. ಇಂದಿನ ಆನ್‌ಲೈನ್ ರಸಪ್ರಶ್ನೆಗಳ ಪೂರ್ವಜ ಇದೇ. ಅದೇ ದಶಕದ ಕೊನೆಯಲ್ಲಿ ನಾರ್ಮನ್ ಕ್ರೌಡರ್ ಅವರು ಉತ್ತರಕ್ಕೆ ತಕ್ಕಂತೆ ಮುಂದಿನ ಪುಟ ಬದಲಾಗುವ, ಕವಲೊಡೆಯುವ ಕ್ರಮವನ್ನು ರೂಪಿಸಿದರು.

ಸಂಘರ್ಷ ತರಬೇತಿಯಲ್ಲಿ ವರ್ತನಾವಾದವು ಸಣ್ಣ, ಖಚಿತ ವರ್ತನೆಗಳಿಗೆ ಒದಗುತ್ತದೆ. ಉದಾಹರಣೆಗೆ, 'ನೀವು ಯಾವಾಗಲೂ ತಡ ಮಾಡುತ್ತೀರಿ' ಎಂಬ ಆರೋಪದ ವಾಕ್ಯವನ್ನು 'ಈ ವಾರ ಮೂರು ದಿನ ವರದಿ ಸಂಜೆ ಬಂದಿತು, ನನಗೆ ಮುಂದಿನ ಕೆಲಸ ಮಾಡಲಾಗಲಿಲ್ಲ' ಎಂಬ ವಿವರಣೆಯ ವಾಕ್ಯವಾಗಿ ಬದಲಾಯಿಸುವ ಅಭ್ಯಾಸ. ಆದರೆ ಪೂರ್ಣ ಸಂಭಾಷಣೆಯನ್ನು ಸರಿ–ತಪ್ಪು ಉತ್ತರಗಳಿಗೆ ಇಳಿಸಿದರೆ ಕಲಿಯುವವರು ಪರೀಕ್ಷೆಗೆ ಬೇಕಾದ ಉತ್ತರವನ್ನು ಗುರುತಿಸುತ್ತಾರೆಯೇ ಹೊರತು ತಮ್ಮ ಮಾತಿನ ರೀತಿಯನ್ನು ಬದಲಿಸುವುದಿಲ್ಲ.

### ಸಂಜ್ಞಾನವಾದ

ಮನಸ್ಸು ಮಾಹಿತಿಯನ್ನು ಹೇಗೆ ಸ್ವೀಕರಿಸಿ, ಸಂಘಟಿಸಿ, ನೆನಪಿನಲ್ಲಿಡುತ್ತದೆ ಎಂಬುದರ ಮೇಲೆ ಸಂಜ್ಞಾನವಾದ ಗಮನವಿಡುತ್ತದೆ. ಜಾರ್ಜ್ ಮಿಲ್ಲರ್ ಅವರು 1956ರಲ್ಲಿ ಅಲ್ಪಾವಧಿ ಸ್ಮೃತಿಯ ಮಿತಿಯನ್ನು ಸುಮಾರು ಏಳು ಘಟಕಗಳೆಂದು ಸೂಚಿಸಿದರು. ಮುಂದಿನ ಸಂಶೋಧನೆಗಳು ಆ ಸಂಖ್ಯೆಯನ್ನು ಇನ್ನೂ ಕಡಿಮೆಯೆಂದು ಹೇಳಿವೆ. ಜಾನ್ ಸ್ವೆಲ್ಲರ್ ಅವರ ಸಂಜ್ಞಾನಾತ್ಮಕ ಹೊರೆಯ ಸಿದ್ಧಾಂತ (1988) ಮತ್ತು ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ತತ್ತ್ವಗಳು ಆನ್‌ಲೈನ್ ಪಾಠಗಳಿಗೆ ನೇರವಾಗಿ ಸಂಬಂಧಿಸಿವೆ. ಅವುಗಳ ಪ್ರಕಾರ ವಿಡಿಯೊವನ್ನು ಚಿಕ್ಕ ತುಣುಕುಗಳಾಗಿ ಒಡೆಯಬೇಕು. ಪರದೆಯ ಮೇಲಿನ ಪಠ್ಯವನ್ನೇ ಅಕ್ಷರಶಃ ಓದಿ ಹೇಳಬಾರದು. ವಿಷಯಕ್ಕೆ ಸಂಬಂಧವಿಲ್ಲದ ಚಿತ್ರ, ಹಿನ್ನೆಲೆ ಸಂಗೀತಗಳನ್ನು ಬಿಡಬೇಕು.

ಮರೆವಿನ ಪ್ರಶ್ನೆಯೂ ಇಲ್ಲಿ ಮುಖ್ಯ. ಹರ್ಮನ್ ಎಬ್ಬಿಂಗ್‌ಹೌಸ್ ಅವರು 1885ರಲ್ಲೇ ತಮ್ಮ ಮೇಲೆ ತಾವೇ ಮಾಡಿಕೊಂಡ ಪ್ರಯೋಗಗಳಿಂದ, ಕಲಿತದ್ದು ಮೊದಲ ದಿನಗಳಲ್ಲಿಯೇ ವೇಗವಾಗಿ ಮರೆಯುತ್ತದೆ ಎಂದು ತೋರಿಸಿದ್ದರು. ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಅಭ್ಯಾಸವು ಕಲಿಕೆಯನ್ನು ಹೆಚ್ಚು ಕಾಲ ಉಳಿಸುತ್ತದೆಂದು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅವರ 2006ರ ಪ್ರಯೋಗಗಳು ತಿಳಿಸಿದವು. ಆದ್ದರಿಂದ ಒಂದೇ ದಿನ ನಾಲ್ಕು ಗಂಟೆಯ ಪಾಠ ಮಾಡುವುದಕ್ಕಿಂತ, ಅದನ್ನೇ ಕೆಲವು ವಾರಗಳಿಗೆ ಹಂಚಿ, ನಡುನಡುವೆ ಚಿಕ್ಕ ಪ್ರಶ್ನೆಗಳಿಂದ ನೆನಪಿಸುವುದು ಫಲಕಾರಿ. ಇದು ಆನ್‌ಲೈನ್ ಮಾಧ್ಯಮಕ್ಕೆ ಸಹಜವಾಗಿ ಒಗ್ಗುವ ಕ್ರಮ.

### ರಚನಾವಾದ

ಜ್ಞಾನವನ್ನು ಒಬ್ಬರು ಇನ್ನೊಬ್ಬರಿಗೆ ವರ್ಗಾಯಿಸಲಾಗದು, ಕಲಿಯುವವನು ತನ್ನ ಪೂರ್ವಾನುಭವದ ಮೇಲೆ ಅದನ್ನು ತಾನೇ ಕಟ್ಟಿಕೊಳ್ಳುತ್ತಾನೆ ಎಂಬುದು ರಚನಾವಾದದ ನಿಲುವು. ಜೀನ್ ಪಿಯಾಜೆ (1896–1980) ಮತ್ತು ಲೆವ್ ವೈಗೋಟ್‌ಸ್ಕಿ (1896–1934) ಈ ಚಿಂತನೆಯ ಪ್ರಮುಖರು. ಕಲಿಯುವವನು ಒಬ್ಬನೇ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವನ್ನು ವೈಗೋಟ್‌ಸ್ಕಿ 'ಸಮೀಪ ವಿಕಾಸದ ವಲಯ' ಎಂದು ಕರೆದರು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಅವರು ಇಂತಹ ನೆರವನ್ನು ಕಟ್ಟಡ ಕಟ್ಟುವಾಗ ಹಾಕುವ ಸಾರವೆಗೆ ಹೋಲಿಸಿದರು. ಗೋಡೆ ನಿಂತ ಮೇಲೆ ಸಾರವೆಯನ್ನು ಬಿಚ್ಚುವಂತೆ, ಕೌಶಲ ಬಂದ ಮೇಲೆ ನೆರವನ್ನು ಕ್ರಮೇಣ ಹಿಂತೆಗೆಯಬೇಕು.

ಆನ್‌ಲೈನ್ ತರಬೇತಿಯಲ್ಲಿ ಇದರ ಅರ್ಥ ಹೀಗಿದೆ: ಮೊದಲ ಸನ್ನಿವೇಶದಲ್ಲಿ ಏನು ಕೇಳಬೇಕೆಂಬ ಪ್ರಶ್ನೆಗಳ ಪಟ್ಟಿಯನ್ನು ಕೊಡುವುದು. ಎರಡನೆಯದರಲ್ಲಿ ಸುಳಿವನ್ನು ಮಾತ್ರ ಕೊಡುವುದು. ಮೂರನೆಯದರಲ್ಲಿ ಕಲಿಯುವವರು ತಮ್ಮ ಮಾತನ್ನು ತಾವೇ ಬರೆಯುವಂತೆ ಅಥವಾ ಧ್ವನಿಮುದ್ರಿಸುವಂತೆ ಮಾಡುವುದು.

### ಸಾಮಾಜಿಕ ಕಲಿಕಾ ಸಿದ್ಧಾಂತ

ಆಲ್ಬರ್ಟ್ ಬಂಡೂರ (1925–2021) ಅವರು 1961ರ ಬೋಬೋ ಗೊಂಬೆಯ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಮಾಡುವುದನ್ನು ತೋರಿಸಿದರು. ಅನುಕರಣೆಯಿಂದ ಆಗುವ ಕಲಿಕೆಗೆ ಅವಧಾನ, ಧಾರಣ, ಪುನರುತ್ಪಾದನೆ, ಪ್ರೇರಣೆ ಎಂಬ ನಾಲ್ಕು ಪ್ರಕ್ರಿಯೆಗಳು ಬೇಕೆಂದು ಅವರು 1977ರ ಗ್ರಂಥದಲ್ಲಿ ವಿವರಿಸಿದರು. ಜಗಳವಾಡುವ ರೀತಿಯನ್ನೂ ಸಮಾಧಾನದ ರೀತಿಯನ್ನೂ ಬಹುಮಂದಿ ಕಲಿಯುವುದು ಹೀಗೆಯೇ. ಕಚೇರಿಗೆ ಹೊಸದಾಗಿ ಬಂದವರು ಮೇಲಧಿಕಾರಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಮೊದಲ ವಾರದಲ್ಲಿಯೇ ಗಮನಿಸುತ್ತಾರೆ.

ತರಬೇತಿಯಲ್ಲಿ ಮಾದರಿ ಸಂಭಾಷಣೆಯ ವಿಡಿಯೊ ತೋರಿಸುವುದಕ್ಕೆ ಈ ಸಿದ್ಧಾಂತವೇ ಆಧಾರ. ವಿಡಿಯೊದಲ್ಲಿರುವವರು ಕಲಿಯುವವರಂತೆಯೇ ಕಾಣಬೇಕು, ಅವರಾಡುವ ಭಾಷೆಯನ್ನೇ ಆಡಬೇಕು. ಆರಂಭದಲ್ಲಿ ತಡವರಿಸಿ ಆಮೇಲೆ ಸುಧಾರಿಸಿಕೊಳ್ಳುವ ಪಾತ್ರವು, ಎಲ್ಲವನ್ನೂ ಸಲೀಸಾಗಿ ಮಾಡುವ ಪಾತ್ರಕ್ಕಿಂತ 'ನನ್ನಿಂದಲೂ ಆದೀತು' ಎಂಬ ನಂಬಿಕೆಯನ್ನು ಹೆಚ್ಚಾಗಿ ಮೂಡಿಸುತ್ತದೆ. ಬಂಡೂರ ಅವರು ಈ ನಂಬಿಕೆಯನ್ನೇ ಸ್ವಸಾಮರ್ಥ್ಯದ ಅರಿವು ಎಂದು ಕರೆದರು.

### ವಯಸ್ಕರ ಕಲಿಕೆ ಮತ್ತು ಅನುಭವಾಧಾರಿತ ಕಲಿಕೆ

ಮಾಲ್ಕಮ್ ನೋಲ್ಸ್ (1913–1997) ಅವರು ವಯಸ್ಕರ ಕಲಿಕೆಯು ಮಕ್ಕಳ ಕಲಿಕೆಗಿಂತ ಭಿನ್ನವೆಂದು ವಾದಿಸಿದರು. ವಯಸ್ಕರು ತಾವೇಕೆ ಕಲಿಯಬೇಕೆಂದು ಮೊದಲು ತಿಳಿಯಬಯಸುತ್ತಾರೆ. ತಮ್ಮ ಕಲಿಕೆಯ ಹೊಣೆಯನ್ನು ತಾವೇ ಹೊರಲು ಇಚ್ಛಿಸುತ್ತಾರೆ. ಜೊತೆಗೆ ದೊಡ್ಡ ಅನುಭವದ ಗಂಟನ್ನು ತರುತ್ತಾರೆ. ಕೂಡಲೇ ಬಳಸಬಹುದಾದ್ದನ್ನು ಕಲಿಯಲು ಹೆಚ್ಚು ಆಸಕ್ತಿ ತೋರುತ್ತಾರೆ. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ ಉದ್ಯೋಗಿಗೆ 'ಜಗಳವಾಡಬಾರದು, ತಾಳ್ಮೆಯಿರಬೇಕು' ಎಂದು ನೀತಿ ಹೇಳುವ ಪಾಠವು ಅವಮಾನವೆನಿಸುತ್ತದೆ. ಅವರು ಹಿಂದೆ ಬಗೆಹರಿಸಿದ ಪ್ರಸಂಗವೊಂದನ್ನು ಬರೆಯಲು ಕೇಳಿ ಅಲ್ಲಿಂದ ಪಾಠವನ್ನು ಆರಂಭಿಸಿದರೆ ಅದೇ ಅನುಭವ ಪಾಠದ ಬಂಡವಾಳವಾಗುತ್ತದೆ.

ಡೇವಿಡ್ ಕೋಲ್ಬ್ ಅವರು 1984ರ ಗ್ರಂಥದಲ್ಲಿ ವಿವರಿಸಿದ ಕಲಿಕಾ ಚಕ್ರಕ್ಕೆ ನಾಲ್ಕು ಹಂತಗಳಿವೆ: ಮೂರ್ತ ಅನುಭವ, ಅದರ ಮೇಲಿನ ಚಿಂತನೆ, ಅದರಿಂದ ತತ್ತ್ವವನ್ನು ರೂಪಿಸಿಕೊಳ್ಳುವುದು, ಆ ತತ್ತ್ವವನ್ನು ಹೊಸ ಸಂದರ್ಭದಲ್ಲಿ ಪ್ರಯೋಗಿಸುವುದು. ಆನ್‌ಲೈನ್ ಪಾಠಗಳಲ್ಲಿ ಸಾಮಾನ್ಯವಾಗಿ ಮೂರನೆಯ ಹಂತ ಮಾತ್ರ ಇರುತ್ತದೆ. ಉಳಿದ ಮೂರನ್ನೂ ಸೇರಿಸುವುದೇ ವಿನ್ಯಾಸಕಾರರ ಮುಖ್ಯ ಸವಾಲು.

## ವಿನ್ಯಾಸದ ಹಂತಗಳು

ಬೋಧನಾ ವಿನ್ಯಾಸದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 'ಆಡಿ' ಮಾದರಿಯು 1970ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿಗಾಗಿ ಫ್ಲೋರಿಡಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸದಿಂದ ಬೆಳೆದುಬಂದಿದೆ. ಅದರ ಐದು ಹಂತಗಳು ಹೀಗಿವೆ.

1. ವಿಶ್ಲೇಷಣೆ: ಯಾವ ಬಗೆಯ ಸಂಘರ್ಷ, ಯಾರ ನಡುವೆ, ಯಾವ ಕಾರಣದಿಂದ ಪದೇ ಪದೇ ಉಂಟಾಗುತ್ತಿದೆ ಎಂಬುದನ್ನು ಸಿಬ್ಬಂದಿಯ ಸಂದರ್ಶನ, ದೂರುಗಳ ಪರಿಶೀಲನೆ, ವೀಕ್ಷಣೆಗಳಿಂದ ತಿಳಿಯುವುದು.
2. ವಿನ್ಯಾಸ: ಕಲಿಕಾ ಫಲಗಳನ್ನು ಬರೆದು, ಅವುಗಳಿಗೆ ತಕ್ಕ ಚಟುವಟಿಕೆ ಮತ್ತು ಮೌಲ್ಯಮಾಪನವನ್ನು ನಿರ್ಧರಿಸುವುದು.
3. ಅಭಿವೃದ್ಧಿ: ಸನ್ನಿವೇಶ, ವಿಡಿಯೊ, ಪ್ರಶ್ನೆಗಳನ್ನು ಸಿದ್ಧಪಡಿಸುವುದು.
4. ಅನುಷ್ಠಾನ: ಮೊದಲು ಸಣ್ಣ ಗುಂಪಿನಲ್ಲಿ ಪ್ರಯೋಗಿಸಿ, ಆಮೇಲೆ ಎಲ್ಲರಿಗೂ ಒದಗಿಸುವುದು.
5. ಮೌಲ್ಯಮಾಪನ: ಪ್ರತಿ ಹಂತದಲ್ಲೂ ತಿದ್ದುಪಡಿ ಮಾಡುವುದು ಮತ್ತು ಕೊನೆಯಲ್ಲಿ ಪರಿಣಾಮವನ್ನು ಅಳೆಯುವುದು.

ಇವುಗಳಲ್ಲಿ ಮೊದಲನೆಯದು ಹೆಚ್ಚಾಗಿ ನಿರ್ಲಕ್ಷ್ಯಕ್ಕೆ ಒಳಗಾಗುತ್ತದೆ. ಮೂವರ ಕೆಲಸವನ್ನು ಇಬ್ಬರು ಮಾಡುತ್ತಿರುವ ವಿಭಾಗದಲ್ಲಿ ಜಗಳವಾಗುತ್ತಿದ್ದರೆ ಅಲ್ಲಿ ಬೇಕಾಗಿರುವುದು ಇನ್ನೊಬ್ಬ ನೌಕರ, ತರಬೇತಿಯಲ್ಲ. ಕೌಶಲದ ಕೊರತೆಯಿಂದ ಹುಟ್ಟಿದ ಸಂಘರ್ಷಕ್ಕೆ ಮಾತ್ರ ತರಬೇತಿ ಉತ್ತರವಾಗಬಲ್ಲದು.

ಕಲಿಕಾ ಫಲಗಳನ್ನು ಬರೆಯಲು 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ರೂಪಿಸಿ, 2001ರಲ್ಲಿ ಪರಿಷ್ಕೃತವಾದ ವರ್ಗೀಕರಣವನ್ನು ಬಳಸುವುದುಂಟು. 'ಸಂಘರ್ಷದ ಮಹತ್ವವನ್ನು ಅರಿಯುವರು' ಎಂಬ ಫಲವನ್ನು ಅಳೆಯಲು ಸಾಧ್ಯವಿಲ್ಲ. 'ದೂರಿನೊಂದಿಗೆ ಬಂದ ಸಹೋದ್ಯೋಗಿಯ ಮಾತನ್ನು ತಡೆಯದೆ ಕೇಳಿ, ಅದರ ಸಾರವನ್ನು ಅವರಿಗೇ ಮರಳಿ ಹೇಳುವರು' ಎಂಬುದನ್ನು ಅಳೆಯಬಹುದು.

## ಒಂದು ಮಾದರಿ ಪಾಠ

ಸಿದ್ಧಾಂತಗಳು ಒಂದೇ ಪಾಠದಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ಈ ಕೆಳಗಿನ ಕಾಲ್ಪನಿಕ ಸನ್ನಿವೇಶ ತೋರಿಸುತ್ತದೆ. ಕಲಿಯುವವರು ಒಂದು ಸಣ್ಣ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರ ಸ್ಥಾನದಲ್ಲಿರುತ್ತಾರೆ.

ಸನ್ನಿವೇಶ: ದಿನದ ಲೆಕ್ಕ ಮುಗಿಸುವ ಕೆಲಸವನ್ನು ಹಿರಿಯ ಗುಮಾಸ್ತರು ಪ್ರತಿದಿನವೂ ಕಿರಿಯ ಸಹಾಯಕಿಗೆ ಬಿಟ್ಟು ಐದು ಗಂಟೆಗೆ ಹೊರಡುತ್ತಾರೆ. ಸಹಾಯಕಿ ವ್ಯವಸ್ಥಾಪಕರ ಬಳಿ ಬಂದು, 'ಸರ್, ಇನ್ನು ಮೇಲೆ ನನ್ನಿಂದಾಗದು. ಅವರೂ ಸರದಿಯ ಮೇಲೆ ಮಾಡಲಿ' ಎನ್ನುತ್ತಾರೆ. ಗುಮಾಸ್ತರನ್ನು ಕೇಳಿದರೆ, 'ಮೂವತ್ತು ವರ್ಷ ಮಾಡಿದ್ದೇನೆ ಸರ್, ಈಗಿನವರು ಸ್ವಲ್ಪ ಮಾಡಲಿ ಬಿಡಿ' ಎನ್ನುತ್ತಾರೆ.

ಪರದೆಯ ಮೇಲೆ ಮೂರು ಆಯ್ಕೆಗಳು ಕಾಣಿಸಿಕೊಳ್ಳುತ್ತವೆ.

* ಮೊದಲನೆಯದು: ನಾಳೆಯಿಂದಲೇ ಸರದಿ ಎಂದು ಲಿಖಿತ ಆದೇಶ ಹೊರಡಿಸುವುದು.
* ಎರಡನೆಯದು: 'ಹಿರಿಯರು, ಸ್ವಲ್ಪ ಹೊಂದಿಕೊಂಡು ಹೋಗಿ' ಎಂದು ಸಹಾಯಕಿಯನ್ನು ಸಮಾಧಾನಪಡಿಸುವುದು.
* ಮೂರನೆಯದು: ಇಬ್ಬರೊಡನೆಯೂ ಬೇರೆ ಬೇರೆಯಾಗಿ ಕುಳಿತು ಮಾತಾಡುವುದು.

ಯಾವುದನ್ನು ಆರಿಸಿದರೂ 'ತಪ್ಪು' ಎಂಬ ಕೆಂಪು ಗುರುತು ಬರುವುದಿಲ್ಲ. ಅದರ ಬದಲು ಮುಂದಿನ ವಾರ ಏನಾಯಿತೆಂದು ತೋರಿಸಲಾಗುತ್ತದೆ. ಮೊದಲ ಆಯ್ಕೆಯಲ್ಲಿ ಗುಮಾಸ್ತರು ತಮ್ಮ ಸರದಿಯ ದಿನ ರಜೆ ಹಾಕುತ್ತಾರೆ. ಎರಡನೆಯದರಲ್ಲಿ ಸಹಾಯಕಿ ಮೌನವಾಗುತ್ತಾರೆ, ತಿಂಗಳ ಕೊನೆಗೆ ವರ್ಗಾವಣೆಗೆ ಅರ್ಜಿ ಕೊಡುತ್ತಾರೆ. ಮೂರನೆಯದನ್ನು ಆರಿಸಿದವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಆರಿಸುವ ಅವಕಾಶ ಸಿಗುತ್ತದೆ. 'ಏಕೆ ಮಾಡುವುದಿಲ್ಲ?' ಎಂದು ಕೇಳಿದರೆ ಗುಮಾಸ್ತರು ಮೊದಲಿನ ಮಾತನ್ನೇ ಹೇಳುತ್ತಾರೆ. 'ಲೆಕ್ಕ ಮುಗಿಸುವ ಕೆಲಸದಲ್ಲಿ ನಿಮಗೆ ತೊಂದರೆಯೆನಿಸುವುದು ಯಾವುದು?' ಎಂದು ಕೇಳಿದರೆ ಸ್ವಲ್ಪ ತಡೆದು, ಹೊಸ ತಂತ್ರಾಂಶದಲ್ಲಿ ಕೊನೆಯ ನಮೂದು ಮಾಡಲು ತಮಗೆ ಧೈರ್ಯವಿಲ್ಲವೆಂದೂ ಒಮ್ಮೆ ತಪ್ಪಾಗಿ ಎಲ್ಲರೆದುರು ಮುಜುಗರವಾಯಿತೆಂದೂ ಹೇಳುತ್ತಾರೆ. ಸಹಾಯಕಿಯ ಅಗತ್ಯವೂ ಹೀಗೆಯೇ ಹೊರಬರುತ್ತದೆ: ಅವರ ಊರಿಗೆ ಕೊನೆಯ ಬಸ್ಸು ಆರು ಗಂಟೆಗೆ.

ಇಲ್ಲಿಂದ ಪರಿಹಾರವನ್ನು ಕಲಿಯುವವರೇ ಬರೆಯಬೇಕು. ನಾಲ್ಕು ಗಂಟೆಯಿಂದಲೇ ಗುಮಾಸ್ತರು ಚೀಟಿಗಳನ್ನು ಜೋಡಿಸಿ ನಗದು ತಾಳೆ ನೋಡುವುದು, ಸಹಾಯಕಿ ನಮೂದು ಮಾಡುವಾಗ ಪಕ್ಕದಲ್ಲಿ ಕುಳಿತು ಕಲಿಯುವುದು, ಆಮೇಲೆ ಸರದಿ ಆರಂಭಿಸುವುದು ಒಂದು ಸಾಧ್ಯತೆ. ಬೇರೆ ಉತ್ತರಗಳೂ ಇರಬಹುದು. ಬರೆದ ಮೇಲೆ ಇತರ ಕಲಿಯುವವರ ಉತ್ತರಗಳನ್ನು ಓದಿ ಎರಡಕ್ಕಾದರೂ ಪ್ರತಿಕ್ರಿಯಿಸಬೇಕು.

ಈ ಪಾಠದಲ್ಲಿ ಆಯ್ಕೆಗೆ ತಕ್ಕ ಪರಿಣಾಮ ದೊರೆಯುವುದು ವರ್ತನಾವಾದದ ಕೊಡುಗೆ. ಸನ್ನಿವೇಶವನ್ನು ಚಿಕ್ಕ ತುಣುಕುಗಳಾಗಿ ಒಡೆದಿರುವುದು ಸಂಜ್ಞಾನವಾದಕ್ಕೆ ಅನುಗುಣ. ಪರಿಹಾರವನ್ನು ತಾವೇ ಕಟ್ಟುವುದು ರಚನಾವಾದಕ್ಕೆ, ಪರಸ್ಪರ ಓದುವುದು ಸಾಮಾಜಿಕ ಕಲಿಕೆಗೆ, ಪರಿಚಿತ ಸಮಸ್ಯೆಯನ್ನು ಆರಿಸಿರುವುದು ವಯಸ್ಕರ ಕಲಿಕೆಯ ತತ್ತ್ವಕ್ಕೆ ಸೇರುತ್ತದೆ. ಸಹಾಯಕಿಯ ದೂರು ನ್ಯಾಯವಾದದ್ದು ಎಂಬುದನ್ನು ಪಾಠವು ಮರೆಸಬಾರದು. ಹಿರಿಯರ ಸಂಕೋಚವನ್ನು ಅರ್ಥಮಾಡಿಕೊಳ್ಳುವುದು ಕಿರಿಯರ ಮೇಲೆ ಹೊರೆಯನ್ನು ಮುಂದುವರಿಸಲು ನೆಪವಾಗಬಾರದು.

## ಆನ್‌ಲೈನ್ ಮಾಧ್ಯಮದ ವೈಶಿಷ್ಟ್ಯಗಳು

ಆನ್‌ಲೈನ್ ತರಬೇತಿಯು ಎರಡು ಬಗೆಯದು. ಎಲ್ಲರೂ ಒಂದೇ ಹೊತ್ತಿಗೆ ಸೇರುವ ನೇರ ತರಗತಿ ಒಂದು, ಅವರವರ ಬಿಡುವಿನಲ್ಲಿ ಕಲಿಯುವ ಪಾಠ ಇನ್ನೊಂದು. ಸಂಘರ್ಷ ನಿರ್ವಹಣೆಗೆ ಎರಡನ್ನೂ ಬೆರೆಸುವುದು ಸೂಕ್ತ. ಪರಿಕಲ್ಪನೆಗಳನ್ನೂ ಸನ್ನಿವೇಶಗಳನ್ನೂ ಬಿಡುವಿನಲ್ಲಿ ಕಲಿತು, ಪಾತ್ರಾಭಿನಯವನ್ನು ಚಿಕ್ಕ ಗುಂಪುಗಳ ನೇರ ತರಗತಿಯಲ್ಲಿ ಮಾಡಬಹುದು. ಮೂವರ ಗುಂಪಿನಲ್ಲಿ ಇಬ್ಬರು ಸಂಭಾಷಿಸಿ, ಮೂರನೆಯವರು ವೀಕ್ಷಿಸಿ ಟಿಪ್ಪಣಿ ಕೊಡುವ ಕ್ರಮ ಹೆಚ್ಚು ಬಳಕೆಯಲ್ಲಿದೆ.

ಈ ಮಾಧ್ಯಮಕ್ಕೆ ಕೆಲವು ಅನುಕೂಲಗಳಿವೆ. ಎದುರಿಗೆ ಯಾರೂ ಇಲ್ಲದಿರುವುದರಿಂದ ತಪ್ಪು ಮಾಡಲು ನಾಚಿಕೆಯಿಲ್ಲ. ಅದೇ ಸನ್ನಿವೇಶವನ್ನು ಹಲವು ಬಾರಿ ಬೇರೆ ಬೇರೆ ಆಯ್ಕೆಗಳೊಂದಿಗೆ ನೋಡಬಹುದು. ಮೂಡಲ್‌ನಂತಹ ಮುಕ್ತ ತಂತ್ರಾಂಶಗಳು (ಮೊದಲ ಆವೃತ್ತಿ 2002) ಪಾಠ, ಚರ್ಚಾ ವೇದಿಕೆ ಮತ್ತು ರಸಪ್ರಶ್ನೆಗಳನ್ನು ಒಂದೇ ಕಡೆ ಒದಗಿಸುತ್ತವೆ. ಕೊರತೆಗಳೂ ಇವೆ. ಮುಖಭಾವ, ದನಿಯ ಏರಿಳಿತ, ಮೌನಗಳು ಪರದೆಯಲ್ಲಿ ಪೂರ್ಣವಾಗಿ ತಿಳಿಯುವುದಿಲ್ಲ, ಸಂಘರ್ಷದಲ್ಲಿ ಅರ್ಧ ಮಾತು ಇವುಗಳಲ್ಲಿಯೇ ಇರುತ್ತದೆ. ಇನ್ನೊಂದೆಡೆ, ಇಂದು ಎಷ್ಟೋ ಮನಸ್ತಾಪಗಳು ಮಿಂಚಂಚೆ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳಿಂದಲೇ ಆರಂಭವಾಗುವುದರಿಂದ, ಬರಹದಲ್ಲಿ ಮಾತು ಹೇಗೆ ಕಟುವಾಗಿ ಕೇಳಿಸುತ್ತದೆ ಎಂಬುದನ್ನು ಕಲಿಸಲು ಇದೇ ಮಾಧ್ಯಮ ತಕ್ಕದ್ದು.

ಮಾನಸಿಕ ಸುರಕ್ಷತೆ ಇನ್ನೊಂದು ಅಗತ್ಯ. ಮಾತಾಡಿದರೆ ಅವಮಾನವಾಗದು, ಶಿಕ್ಷೆಯಾಗದು ಎಂಬ ತಂಡದ ಸಾಮೂಹಿಕ ನಂಬಿಕೆಗೆ ಆಮಿ ಎಡ್ಮಂಡ್‌ಸನ್ ಅವರು 1999ರ ಅಧ್ಯಯನದಲ್ಲಿ ಈ ಹೆಸರನ್ನು ಬಳಸಿದರು. ಚರ್ಚಾ ವೇದಿಕೆಯಲ್ಲಿ ಬರೆದದ್ದನ್ನು ಮೇಲಧಿಕಾರಿ ಓದುತ್ತಾರೆಂದು ತಿಳಿದರೆ ಯಾರೂ ನಿಜವಾದ ಪ್ರಸಂಗವನ್ನು ಬರೆಯುವುದಿಲ್ಲ. ಯಾರು ಏನನ್ನು ನೋಡಬಹುದೆಂದು ಆರಂಭದಲ್ಲಿಯೇ ತಿಳಿಸುವುದು, ಹೆಸರುಗಳನ್ನು ಬಿಟ್ಟು ಬರೆಯಲು ಹೇಳುವುದು ವಿನ್ಯಾಸದ ಭಾಗವಾಗಿರಬೇಕು.

## ಮೌಲ್ಯಮಾಪನ

ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಅವರು 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯನ್ನು ನಾಲ್ಕು ಮಟ್ಟಗಳಲ್ಲಿ ಅಳೆಯುವ ಕ್ರಮವನ್ನು ಸೂಚಿಸಿದರು.

* ಪ್ರತಿಕ್ರಿಯೆ: ಕಲಿತವರಿಗೆ ತರಬೇತಿ ಉಪಯುಕ್ತವೆನಿಸಿತೇ?
* ಕಲಿಕೆ: ಸನ್ನಿವೇಶವೊಂದನ್ನು ಕೊಟ್ಟರೆ ಸೂಕ್ತವಾಗಿ ಪ್ರತಿಕ್ರಿಯಿಸಬಲ್ಲರೇ?
* ವರ್ತನೆ: ಕೆಲವು ತಿಂಗಳ ನಂತರ ಕೆಲಸದಲ್ಲಿ ಅದನ್ನು ಬಳಸುತ್ತಿದ್ದಾರೆಯೇ?
* ಫಲಿತಾಂಶ: ಸಂಸ್ಥೆಯಲ್ಲಿ ಬದಲಾವಣೆಯಾಗಿದೆಯೇ?

ಹೆಚ್ಚಿನ ಸಂಸ್ಥೆಗಳು ಮೊದಲ ಮಟ್ಟದಲ್ಲಿಯೇ ನಿಲ್ಲುತ್ತವೆ. ನಾಲ್ಕನೆಯ ಮಟ್ಟದ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ತರಬೇತಿಯ ನಂತರ ದೂರುಗಳು ಕಡಿಮೆಯಾದರೆ ಅದು ಸಂಘರ್ಷ ಬಗೆಹರಿದುದರ ಸೂಚನೆಯಾಗಿರಬಹುದು, ದೂರು ಕೊಡಲು ಜನ ಅಂಜುತ್ತಿರುವುದರ ಸೂಚನೆಯೂ ಆಗಿರಬಹುದು. ಮೊದಲು ಮೌನವಾಗಿದ್ದವರು ಮಾತಾಡತೊಡಗಿದರೆ ದೂರುಗಳು ಕೆಲಕಾಲ ಹೆಚ್ಚಲೂಬಹುದು.

## ಭಾರತದ ಸಂದರ್ಭ

ಭಾರತ ಸರ್ಕಾರವು 2020ರ ಸೆಪ್ಟೆಂಬರ್‌ನಲ್ಲಿ ಅನುಮೋದಿಸಿದ ಮಿಷನ್ ಕರ್ಮಯೋಗಿ ಕಾರ್ಯಕ್ರಮದಡಿ ಐಗಾಟ್ ಎಂಬ ಜಾಲತಾಣದ ಮೂಲಕ ಸರ್ಕಾರಿ ನೌಕರರಿಗೆ ಆನ್‌ಲೈನ್ ಪಾಠಗಳನ್ನು ಒದಗಿಸುತ್ತಿದೆ. ಖಾಸಗಿ ಕ್ಷೇತ್ರದಲ್ಲಿ, ವಿಶೇಷವಾಗಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ, ಆನ್‌ಲೈನ್ ತರಬೇತಿ ನಿತ್ಯದ ವ್ಯವಹಾರವಾಗಿದೆ. ಅಲ್ಲಿ ಪಾಠದ ಭಾಷೆ ಹೆಚ್ಚಾಗಿ ಇಂಗ್ಲಿಷ್. ಕಾರ್ಖಾನೆ, ಸಾರಿಗೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಅವರ ಭಾಷೆಯಲ್ಲಿ, ಮೊಬೈಲ್ ಫೋನಿನಲ್ಲಿ ನೋಡಬಹುದಾದ ಪಾಠಗಳು ಬೇಕು. ಜನರು ಸಿಟ್ಟಾಗುವುದೂ ಕ್ಷಮೆ ಕೇಳುವುದೂ ತಮ್ಮ ಮಾತೃಭಾಷೆಯಲ್ಲಿಯೇ ಆದ್ದರಿಂದ, ಅನುವಾದಿತ ಸಂಭಾಷಣೆಗಳಿಗಿಂತ ಆ ಭಾಷೆಯಲ್ಲಿಯೇ ರೂಪುಗೊಂಡವು ಹೆಚ್ಚು ಒಪ್ಪುತ್ತವೆ.

ವಯಸ್ಸು ಮತ್ತು ಹುದ್ದೆಯ ಗೌರವವೂ ಗಮನಿಸಬೇಕಾದ ಅಂಶ. 'ನಿಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿ' ಎಂಬ ಪಾಶ್ಚಾತ್ಯ ತರಬೇತಿಯ ಸಲಹೆಯು, ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ ಕಷ್ಟವೆನಿಸುತ್ತದೆ. ಗೌರವವನ್ನು ಉಳಿಸಿಕೊಂಡೇ ಅಸಮ್ಮತಿಯನ್ನು ಹೇಳುವ ಮಾತುಗಳನ್ನು ಪಾಠದಲ್ಲಿ ಕೊಡುವುದು ಹೆಚ್ಚು ಪ್ರಯೋಜನಕಾರಿ.

### ಸಂಘರ್ಷ ಮತ್ತು ಕಿರುಕುಳ

ಸಂಘರ್ಷ ನಿರ್ವಹಣೆಯ ತರಬೇತಿಯು ಸ್ಪಷ್ಟವಾಗಿ ಎಳೆಯಬೇಕಾದ ಗೆರೆಯೊಂದಿದೆ. ಕಿರುಕುಳ, ಬೆದರಿಕೆ, ಜಾತಿ ನಿಂದನೆಗಳು ಇಬ್ಬರ ನಡುವಿನ ಭಿನ್ನಾಭಿಪ್ರಾಯಗಳಲ್ಲ. ಅವುಗಳನ್ನು ಮಾತುಕತೆಯಿಂದ ಸರಿಪಡಿಸಿಕೊಳ್ಳಿ ಎಂದು ಹೇಳುವುದು ನೊಂದವರಿಗೆ ಮತ್ತೊಂದು ಅನ್ಯಾಯ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಮಾರ್ಗಸೂಚಿಗಳ ಮುಂದುವರಿಕೆಯಾಗಿ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಅದರ ಪ್ರಕಾರ ವಿಚಾರಣೆಗೆ ಮೊದಲು ಸಂಧಾನ ನಡೆಯಬೇಕಾದರೆ ನೊಂದ ಮಹಿಳೆಯೇ ಅದನ್ನು ಕೋರಬೇಕು, ಹಣದ ಕೊಡುಕೊಳ್ಳುವಿಕೆ ಸಂಧಾನಕ್ಕೆ ಆಧಾರವಾಗುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯಕ್ಕೆ 1989ರ ಪ್ರತ್ಯೇಕ ಕಾಯ್ದೆಯಿದೆ. ಆದ್ದರಿಂದ ಪ್ರತಿ ಪಾಠದಲ್ಲಿಯೂ 'ಇದು ಸಂಘರ್ಷವಲ್ಲ, ದೂರು ನೀಡಬೇಕಾದ ವಿಷಯ' ಎಂದು ಗುರುತಿಸುವ ಅಭ್ಯಾಸವಿರಬೇಕು, ದೂರು ನೀಡುವ ದಾರಿಯನ್ನೂ ತಿಳಿಸಬೇಕು.

## ಟೀಕೆಗಳು ಮತ್ತು ಮಿತಿಗಳು

ಕಲಿಕಾ ಸಿದ್ಧಾಂತಗಳ ಬಳಕೆಯ ಬಗ್ಗೆಯೂ ಭಿನ್ನಾಭಿಪ್ರಾಯಗಳಿವೆ. ಮಾರ್ಗದರ್ಶನವಿಲ್ಲದೆ ಕಲಿಯುವವರೇ ಎಲ್ಲವನ್ನೂ ಕಂಡುಕೊಳ್ಳಲಿ ಎಂಬ ಕ್ರಮವು ಹೊಸಬರಿಗೆ ಒಗ್ಗುವುದಿಲ್ಲವೆಂದು ಪಾಲ್ ಕಿರ್ಶ್‌ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ ಅವರು 2006ರಲ್ಲಿ ವಾದಿಸಿದರು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ವಿಂಗಡಿಸಿ ಪಾಠ ಮಾಡಬೇಕೆಂಬ ಜನಪ್ರಿಯ ನಂಬಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರ 2008ರ ಪರಾಮರ್ಶೆ ತಿಳಿಸಿದೆ. ಆದರೂ ಈ ವಿಂಗಡಣೆ ತರಬೇತಿಗಳಲ್ಲಿ ಇಂದಿಗೂ ಕಾಣಿಸುತ್ತದೆ.

ಇನ್ನೂ ಗಂಭೀರವಾದ ಟೀಕೆಯು ತರಬೇತಿಯ ಉದ್ದೇಶವನ್ನೇ ಕುರಿತದ್ದು. ಅನ್ಯಾಯದ ಕೆಲಸ ಹಂಚಿಕೆ, ಕಡಿಮೆ ಸಂಬಳ, ಪಕ್ಷಪಾತದ ಬಡ್ತಿಗಳಿಂದ ಹುಟ್ಟಿದ ಅಸಮಾಧಾನವನ್ನು 'ಸಂವಹನದ ಕೊರತೆ' ಎಂದು ಕರೆದು ನೌಕರರನ್ನು ತರಬೇತಿಗೆ ಕಳುಹಿಸಿದರೆ ಸಮಸ್ಯೆಯ ಹೊಣೆ ಅವರ ಮೇಲೆಯೇ ಬೀಳುತ್ತದೆ. ಪ್ರಮಾಣಪತ್ರಕ್ಕಾಗಿ ಪುಟಗಳನ್ನು ಒತ್ತುತ್ತಾ ಮುಗಿಸುವ ಕಡ್ಡಾಯ ಪಾಠಗಳು ಈ ಅಪನಂಬಿಕೆಯನ್ನು ಹೆಚ್ಚಿಸುತ್ತವೆ. ತರಬೇತಿಯಲ್ಲಿ ಸಿಬ್ಬಂದಿಯೊಡನೆ ಮೇಲಧಿಕಾರಿಗಳೂ ಭಾಗವಹಿಸುವುದು, ಅದರಲ್ಲಿ ಹೊರಬಂದ ಸಾಮಾನ್ಯ ದೂರುಗಳಿಗೆ ಸಂಸ್ಥೆಯು ಕ್ರಮ ಕೈಗೊಳ್ಳುವುದು, ಕಲಿತದ್ದನ್ನು ಬಳಸಲು ಕೆಲಸದ ವೇಳೆಯಲ್ಲಿ ಅವಕಾಶ ಕೊಡುವುದು ಇದಕ್ಕೆ ಸೂಚಿಸಲಾಗಿರುವ ಪರಿಹಾರಗಳು. ಇವಿಲ್ಲದಿದ್ದರೆ, ಪಾಠವನ್ನು ಎಷ್ಟೇ ಸಿದ್ಧಾಂತಬದ್ಧವಾಗಿ ರೂಪಿಸಿದ್ದರೂ ಅದು ಪರದೆಯಲ್ಲಿಯೇ ಉಳಿಯುತ್ತದೆ.